ವಿಮಾನ ಹಾರಿಸಿದ ಹೆಣ್ಣುಮಕ್ಕಳು: ಶಾಲೆಯ ಗೋಡೆಗೆ ಯಾರ ಚಿತ್ರ ಹಾಕಲಿ?

ವಿಜ್ಞಾನ ಟೀಚರ್, ಚಳ್ಳಕೆರೆ ತಾಲ್ಲೂಕು · ಭಾನುವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನಾಯಕನಹಟ್ಟಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡ್ತೀನಿ. ನಮ್ಮ ಸೀಮೆಯಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇರೋದು ನಿಮಗೆಲ್ಲ ಗೊತ್ತೇ ಇದೆ. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದವರು ರೆಕ್ಕೆಯಿರೋ ಮರುಬಳಕೆ ವಾಹನವನ್ನ ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು, ಅದು ತಾನಾಗಿಯೇ ಇಲ್ಲಿನ ರನ್‌ವೇ ಮೇಲೆ ಇಳಿಯಿತಲ್ಲ, ಅದನ್ನ ಪಾಠದಲ್ಲಿ ಹೇಳ್ತಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಮಿಸ್, ನಮ್ಮೂರ ಮೇಲೆ ಹಾರೋ ವಿಮಾನದಾಗೆ ಯಾರೂ ಇರಲ್ಲ. ಹಂಗಾದ್ರೆ ಪೈಲಟ್ ಆಗೋರು ಎಲ್ಲಿ ಕಲೀತಾರೆ?"

ಉತ್ತರ ಹೇಳೋಕೆ ತಡವರಿಸಿದೆ. ನಮ್ಮ ಆಕಾಶದಲ್ಲಿ ಹಾರೋದೆಲ್ಲ ಪೈಲಟ್ ಇಲ್ಲದ ಯಂತ್ರಗಳೇ. ಆ ಮಗು ವಿಮಾನದೊಳಗೆ ಕೂತ ಹೆಣ್ಣನ್ನ ನೋಡಿಯೇ ಇಲ್ಲ.

ಶಾಲೆಯ ಪಡಸಾಲೆಯಲ್ಲಿ ಆರು ಫ್ರೇಮಿಗೆ ಜಾಗ ಇದೆ. ಆರು ಮಂದಿ ಮಹಿಳಾ ಪೈಲಟ್‌ಗಳ ಚಿತ್ರ, ಕೆಳಗೆ ನಾಲ್ಕು ಸಾಲು ಬರೆದು ಹಾಕೋಣ ಅಂತಿದ್ದೀನಿ. ಯಾರನ್ನ ಹಾಕಲಿ ಹೇಳಿ. "ಮೊದಲ ಮಹಿಳೆ" ಪಟ್ಟಿ ಎಲ್ಲ ಕಡೆ ಸಿಗುತ್ತೆ, ಅದು ಬೇಡ. ಆ ಹುಡುಗಿ ಕೇಳಿದ್ದು "ಎಲ್ಲಿ ಕಲೀತಾರೆ" ಅಂತ.

ಜೋಗಿಮಟ್ಟಿ ಗಾಳಿ · ರಾತ್ರಿ 8:58

ಒಳ್ಳೇ ಕೆಲಸ ಟೀಚರ್. ಮೊದಲನೇ ಫ್ರೇಮ್ ಅಮೆಲಿಯಾ ಇಯರ್‌ಹಾರ್ಟ್‌ಗೇ ಸಲ್ಲಬೇಕು. 1932ರ ಮೇ ತಿಂಗಳಲ್ಲಿ ಒಬ್ಬಳೇ ಅಟ್ಲಾಂಟಿಕ್ ದಾಟಿದಳು, ಸುಮಾರು 15 ಗಂಟೆ ಹಾರಾಟ. 1937ರ ಜುಲೈ 2ರಂದು ಪೆಸಿಫಿಕ್ ಸಾಗರದ ಹೌಲೆಂಡ್ ದ್ವೀಪದ ಹತ್ತಿರ ನ್ಯಾವಿಗೇಟರ್ ಫ್ರೆಡ್ ನೂನನ್ ಜೊತೆ ಕಣ್ಮರೆಯಾದಳು. ಆ ಕೊನೇ ಪಯಣದಲ್ಲಿ ಕರಾಚಿ, ಕಲ್ಕತ್ತಾದಲ್ಲಿ ಇಳಿದಿದ್ದಳು. ಮಕ್ಕಳಿಗೆ ಈ ಕಥೆ ಹಿಡಿಸುತ್ತೆ.

ಮೇಲ್ಗಡೆ ಒಂದು ದೊಡ್ಡ ಬೋರ್ಡ್ ಬರೆಸಿ: "ಆಕಾಶದ ಓಬವ್ವೆಯರು". ದುರ್ಗದ ಜಿಲ್ಲೆಯ ಶಾಲೆಗೆ ಅದಕ್ಕಿಂತ ಒಳ್ಳೇ ಹೆಸರು ಇನ್ನೇನಿದೆ?

ಹೊಳಲ್ಕೆರೆ ಅಡಿಕೆ · ರಾತ್ರಿ 9:20

ಹೆಸರಿನ ಬಗ್ಗೆ ನನ್ನದು ಬೇರೆ ಅಭಿಪ್ರಾಯ, ಬೇಜಾರು ಮಾಡ್ಕೋಬೇಡಿ.

ಓಬವ್ವ ನಮ್ಮ ಮನೆದೇವರಿದ್ದ ಹಾಗೆ. ಆದರೆ ಆಕೆ ನೀರಿಗೆ ಹೋದವಳು, ಕಿಂಡಿಯಲ್ಲಿ ಹೈದರನ ಸೈನಿಕರು ನುಸುಳೋದನ್ನ ಕಂಡವಳು, ಕೈಗೆ ಸಿಕ್ಕ ಒನಕೆ ಎತ್ತಿಕೊಂಡವಳು. ಒನಕೆ ಮನೆಯಲ್ಲೇ ಇತ್ತು. ಅದನ್ನ ಎತ್ತಿ ಕುಟ್ಟೋ ತೋಳು ದಿನಾ ಭತ್ತ ರಾಗಿ ಕುಟ್ಟಿಯೇ ಗಟ್ಟಿಯಾಗಿತ್ತು. ವಿಮಾನ ಯಾರ ಮನೆಯಲ್ಲಿದೆ ಹೇಳಿ? ಪೈಲಟ್ ಆಗೋಕೆ ಧೈರ್ಯ ಒಂದಿದ್ದರೆ ಸಾಲದು. ಯಾರೋ ವಿಮಾನ ಕೊಡಬೇಕು, ಯಾರೋ ಪಕ್ಕದಲ್ಲಿ ಕೂತು ಕಲಿಸಬೇಕು, ಪೆಟ್ರೋಲಿಗೆ ಯಾರೋ ದುಡ್ಡು ಕಟ್ಟಬೇಕು. "ಓಬವ್ವನ ಹಾಗೆ ಧೈರ್ಯ ಮಾಡು" ಅಂತ ಹೇಳಿ ಮಗುವನ್ನ ಕಳಿಸಿಬಿಟ್ಟರೆ ನಮ್ಮ ಜವಾಬ್ದಾರಿ ತೀರಿಹೋಯ್ತು ಅನ್ನೋ ಹಾಗಾಗುತ್ತೆ.

ಹಾಗಾಗಿ ಪ್ರತಿ ಚಿತ್ರದ ಕೆಳಗೂ ಒಂದೇ ಪ್ರಶ್ನೆಗೆ ಉತ್ತರ ಬರೀರಿ: ಈಕೆಗೆ ವಿಮಾನ ಸಿಕ್ಕಿದ್ದು ಹೇಗೆ?

ನಾನೇ ಶುರು ಮಾಡ್ತೀನಿ. ಬೆಸ್ಸಿ ಕೋಲ್‌ಮನ್. 1892ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹುಟ್ಟಿದಳು. ಹದಿಮೂರು ಮಕ್ಕಳ ಬಡ ಕಪ್ಪು ಕುಟುಂಬ, ಚಿಕ್ಕವಳಿದ್ದಾಗ ಹತ್ತಿ ಬಿಡಿಸೋ ಕೆಲಸ. ಆಮೇಲೆ ಷಿಕಾಗೋದ ಕ್ಷೌರದಂಗಡಿಯಲ್ಲಿ ಗಿರಾಕಿಗಳ ಉಗುರು ತಿದ್ದುತ್ತಿದ್ದಳು. ವಿಮಾನ ಕಲೀಬೇಕು ಅಂತ ಹೋದರೆ ಅಮೆರಿಕದ ಒಂದು ಶಾಲೆಯೂ ಸೇರಿಸಿಕೊಳ್ಳಲಿಲ್ಲ. ಹೆಣ್ಣು, ಅದರಲ್ಲೂ ಕಪ್ಪು. "ಷಿಕಾಗೋ ಡಿಫೆಂಡರ್" ಪತ್ರಿಕೆಯ ರಾಬರ್ಟ್ ಆ್ಯಬಟ್ ಫ್ರಾನ್ಸಿಗೆ ಹೋಗು ಅಂದರು. ಆಕೆ ಫ್ರೆಂಚ್ ಭಾಷೆ ಕಲಿತು, ಹಡಗು ಹತ್ತಿ ಹೋಗಿ, ಲ ಕ್ರೊತ್ವಾ ಅನ್ನೋ ಊರಲ್ಲಿ ಕಾದ್ರೋ ಸಹೋದರರ ಶಾಲೆ ಸೇರಿ 1921ರ ಜೂನ್ 15ರಂದು ಲೈಸೆನ್ಸ್ ಪಡೆದಳು. ವಿಮಾನ ಹಾರಿಸೋದಕ್ಕೆ ಮೊದಲು ಒಂದು ಭಾಷೆಯನ್ನೇ ಕಲಿಯಬೇಕಾಯ್ತು ಅನ್ನೋದು ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಬೇಗ ಅರ್ಥ ಆಗುತ್ತೆ.

ಊರಿಗೆ ಬಂದಮೇಲೆ ಸಾಹಸ ಪ್ರದರ್ಶನ ಕೊಡ್ತಿದ್ದಳು. ಟೆಕ್ಸಾಸ್‌ನಲ್ಲಿ ಒಮ್ಮೆ ಬಿಳಿಯರಿಗೊಂದು ಗೇಟು, ಕಪ್ಪು ಜನಕ್ಕೊಂದು ಗೇಟು ಅಂದಾಗ, ಎಲ್ಲರನ್ನೂ ಒಂದೇ ಗೇಟಿನಲ್ಲಿ ಬಿಟ್ಟರೆ ಮಾತ್ರ ಹಾರಿಸ್ತೀನಿ ಅಂತ ಪಟ್ಟು ಹಿಡಿದಳು. ತಾನೇ ಒಂದು ವಿಮಾನ ಶಾಲೆ ತೆಗೆಯೋ ಆಸೆ ಇತ್ತು. 1926ರ ಏಪ್ರಿಲ್ 30ರಂದು ವಿಮಾನದಿಂದ ಬಿದ್ದು ತೀರಿಹೋದಳು. 34 ವರ್ಷ ಅಷ್ಟೆ. ಗೇರಿನ ಸಂದಿಗೆ ಒಂದು ಸ್ಪ್ಯಾನರ್ ಸಿಕ್ಕಿಹಾಕಿಕೊಂಡಿತ್ತು.

ಜೋಗಿಮಟ್ಟಿ ಗಾಳಿ · ರಾತ್ರಿ 9:31

ಒನಕೆ ಮಾತು ಒಪ್ಪಿದೆ. ಬೋರ್ಡಿನ ವಿಷಯ ವಾಪಸ್ ತಗೊಂಡೆ. ಅಮೆಲಿಯಾ ಮಾತ್ರ ಇರಲಿ.

ಮಿಲ್ ಚಾಳಿನ ಮಗ, ದಾವಣಗೆರೆ · ರಾತ್ರಿ 9:55

ಹತ್ತಿ ಬಿಡಿಸಿದ ಹುಡುಗಿ ಅಂದ ಕೂಡಲೇ ನನಗೆ ಬರೀಲೇಬೇಕು ಅನ್ನಿಸ್ತು.

ನಮ್ಮವ್ವ ದಾವಣಗೆರೆ ಮಿಲ್ಲಿನಾಗ ನೂಲು ಸುತ್ತೋ ಖಾತೆಯಲ್ಲಿ ಹತ್ತೊಂಬತ್ತು ವರ್ಷ ದುಡಿದಾಳ. ಎಳೆ ಹರಿದ ಕೂಡ್ಲೇ ಎರಡು ತುದಿ ಹಿಡಿದು, ಹೆಬ್ಬೆರಳಿನಿಂದ ಹೊಸೆದು, ಕಣ್ಣು ಮುಚ್ಚಿ ತೆರೆಯೋದರಾಗ ಗಂಟು ಹಾಕಿಬಿಡ್ತಿದ್ಲು. ಮನೆಗೆ ಬಂದರೆ ತಲೆಗೂದಲು, ಹುಬ್ಬು, ಕಿವಿಯ ಮ್ಯಾಲೆಲ್ಲ ಬಿಳೀ ಹತ್ತಿ ಪುಡಿ. ನಾವು ಬಾಗಿಲಲ್ಲಿ ಟವೆಲ್ ಹಿಡ್ಕೊಂಡು ನಿಂತಿರ್ತಿದ್ವಿ, ಅವ್ವನ ತಲೆ ಕೊಡವೋಕೆ.

ಬಾಹ್ಯಾಕಾಶಕ್ಕೆ ಹೋದ ಮೊದಲ ಹೆಣ್ಣು ವಲೆಂಟೀನಾ ತೆರೆಷ್ಕೋವಾ ಕೂಡ ಮಿಲ್ ಕಾರ್ಮಿಕಳೇ. ರಷ್ಯಾದ ಯಾರೊಸ್ಲಾವ್ಲ್ ಊರಿನ ಬಟ್ಟೆ ಮಿಲ್ಲು. ತಾಯಿಯೂ ಹತ್ತಿ ಮಿಲ್ಲಿನಲ್ಲಿ ದುಡಿದಾಕೆ, ತಂದೆ ಟ್ರ್ಯಾಕ್ಟರ್ ಚಾಲಕ, ಯುದ್ಧದಲ್ಲಿ ಸತ್ತ. ಆ ಊರಲ್ಲಿ ಏರೋಕ್ಲಬ್ ಇತ್ತು. ಮಿಲ್ ಕೆಲಸ ಮಾಡ್ತಲೇ ಅಲ್ಲಿ ಪ್ಯಾರಾಚೂಟ್ ಕಲಿತಳು, 1959ರ ಮೇ ತಿಂಗಳಲ್ಲಿ ಮೊದಲ ಜಿಗಿತ. ವೊಸ್ತೋಕ್ ನೌಕೆಯವರು ವಾಪಸ್ ಬರುವಾಗ ನೌಕೆಯಿಂದ ಹೊರಗೆ ಹಾರಿ ಪ್ಯಾರಾಚೂಟಿನಲ್ಲೇ ಇಳಿಯಬೇಕಿತ್ತು. ಅದಕ್ಕೇ ಆಯ್ಕೆ ಮಾಡುವಾಗ ಪ್ಯಾರಾಚೂಟ್ ಗೊತ್ತಿದ್ದವರನ್ನೇ ಹುಡುಕಿದರು. 1963ರ ಜೂನ್ 16ರಂದು ಹೊರಟು ಭೂಮಿಯನ್ನ 48 ಸುತ್ತು ಹಾಕಿದಳು.

ನಮ್ಮೂರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು. ಮಿಲ್ಲಿಗೆ ಸೈರನ್ ಇತ್ತು. ಏರೋಕ್ಲಬ್ ಇರಲಿಲ್ಲ. ನಮ್ಮವ್ವನ ಕೈಚಳಕ ನೋಡಿದವನು ನಾನು, ಇದ್ದಿದ್ದರೆ ಅಂತ ಈಗಲೂ ಅನ್ನಿಸ್ತದ.

ಹಿರಿಯೂರು ಹುಡುಗಿ · ರಾತ್ರಿ 10:02

ಅಣ್ಣಾ, ಓದಿ ಕಣ್ಣು ತುಂಬಿತು. ಆದರೆ ತೆರೆಷ್ಕೋವಾ ಗಗನಯಾತ್ರಿ, ಪೈಲಟ್ ಅಲ್ಲ. ಟೀಚರ್ ಕೇಳಿದ್ದು ಪೈಲಟ್‌ಗಳ ಬಗ್ಗೆ.

ಮಿಲ್ ಚಾಳಿನ ಮಗ, ದಾವಣಗೆರೆ · ರಾತ್ರಿ 10:06

ಖರೆ ಐತಿ ತಂಗೀ. ಗೋಡೆಗೆ ಬೇಡ ಅಂದ್ರೂ ಪಾಠದಾಗ ಹೇಳ್ರಿ ಟೀಚರ್.

ನಿವೃತ್ತ ಏರ್‌ಮನ್, ಹರಿಹರ · ರಾತ್ರಿ 10:40

ವಾಯುಪಡೆಯಲ್ಲಿ ನೆಲದ ಮೇಲಿನ ತಂತ್ರಜ್ಞನಾಗಿ ಇಪ್ಪತ್ತು ವರ್ಷ ಸೇವೆ ಮಾಡಿದವನು ನಾನು. ಹಾರಿದವನಲ್ಲ, ಹಾರಿಸಿ ಕಳಿಸಿದವನು.

ಮಕ್ಕಳಿಗೆ ಒಂದು ವಿಷಯ ತಿಳಿಸಿ. ವಿಮಾನ ಹಾರೋ ಮುಂಚೆ ನಾವು ಒಂದೊಂದು ಭಾಗ ನೋಡಿ ಫಾರ್ಮ್ 700 ಅನ್ನೋ ದಾಖಲೆಗೆ ಸಹಿ ಹಾಕ್ತೀವಿ. ಆಮೇಲೆ ಪೈಲಟ್ ಬಂದು, ಸುತ್ತ ನಡೆದು, ಟೈರು ಮುಟ್ಟಿ, ರೆಕ್ಕೆಯ ಅಂಚು ಸವರಿ ನೋಡಿ, ತಾನೂ ಸಹಿ ಹಾಕಬೇಕು. ಆ ಸಹಿ ಬಿದ್ದಮೇಲೆ ವಿಮಾನ ಆಕೆಯದು. ಮೊದಮೊದಲು ಮಹಿಳಾ ಅಧಿಕಾರಿಗಳು ಸಹಿ ಹಾಕೋವಾಗ ನಮ್ಮ ಕೆಲವರಿಗೆ ಅನುಮಾನ ಇತ್ತು, ಮುಚ್ಚಿಡೋದಿಲ್ಲ. ಆರು ತಿಂಗಳಲ್ಲಿ ಹೋಯ್ತು. ತೈಲದ ಒಂದು ಹನಿ ಸೋರಿದ ಗುರುತು ಕಂಡರೂ ಬಗ್ಗಿ ನೋಡಿ, ಇದೇನು ಅಂತ ಕೇಳದೆ ಬಿಡ್ತಿರಲಿಲ್ಲ ಅವರು.

ಹರಿತಾ ಕೌರ್ ಡಿಯೋಲ್ ಯಲಹಂಕದಲ್ಲೂ ತರಬೇತಿ ಪಡೆದವರು. 1994ರ ಸೆಪ್ಟೆಂಬರ್ 2ರಂದು ಆವ್ರೋ ವಿಮಾನವನ್ನ ಒಬ್ಬರೇ ಹಾರಿಸಿದಾಗ 22 ವರ್ಷ. 1996ರ ಡಿಸೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ಹೋದರು. ಕಾರ್ಗಿಲ್ ಯುದ್ಧದಲ್ಲಿ ಗುಂಜನ್ ಸಕ್ಸೇನಾ, ಶ್ರೀವಿದ್ಯಾ ರಾಜನ್ ಇಬ್ಬರೂ ಚೀತಾ ಹೆಲಿಕಾಪ್ಟರ್ ಹಾರಿಸಿದರು. ಸಿನಿಮಾದಿಂದ ಗುಂಜನ್ ಹೆಸರು ಎಲ್ಲರ ಬಾಯಲ್ಲಿದೆ, ಶ್ರೀವಿದ್ಯಾ ಅವರದೂ ಬರೀರಿ ದಯವಿಟ್ಟು.

2016ರ ಜೂನ್‌ನಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಯುದ್ಧವಿಮಾನದ ಪೈಲಟ್‌ಗಳಾದರು. ಅವರು ಹಾಕ್ ವಿಮಾನದ ಮೇಲೆ ಪಳಗಿದ್ದು ನಮ್ಮ ಬೀದರ್‌ನಲ್ಲಿ. 2018ರಲ್ಲಿ ಮೇಘನಾ ಶಾನುಭಾಗ್ ಅದೇ ಸಾಲಿಗೆ ಸೇರಿದರು. ಚಿಕ್ಕಮಗಳೂರಿನವರು, ನಮ್ಮ ಪಕ್ಕದ ಜಿಲ್ಲೆ. ದೂರದವರನ್ನ ಎಷ್ಟು ಬೇಕಾದರೂ ಹಾಕಿ, ಇವರು ಇರಲೇಬೇಕು.

ಹಿರಿಯೂರು ಹುಡುಗಿ · ರಾತ್ರಿ 11:15

ನನ್ನ ಆಯ್ಕೆ ಜೆರ್ರಿ ಮಾಕ್. ಜೋಗಿಮಟ್ಟಿ ಅವರೇ, ಕ್ಷಮಿಸಿ, ಇದು ಅಮೆಲಿಯಾ ಜಾಗಕ್ಕೆ.

ಅಮೆಲಿಯಾ ಪೂರ್ತಿ ಮಾಡಲಾಗದೆ ಹೋದ ಭೂಪ್ರದಕ್ಷಿಣೆಯನ್ನ ಒಬ್ಬಳೇ ಮುಗಿಸಿದ ಮೊದಲ ಹೆಣ್ಣು ಈಕೆ. ಒಹಾಯೋದ ಗೃಹಿಣಿ, ಮೂರು ಮಕ್ಕಳ ತಾಯಿ, 38 ವರ್ಷ. ಹನ್ನೊಂದು ವರ್ಷ ಹಳೆಯ, ಒಂದೇ ಎಂಜಿನ್ನಿನ ಸೆಸ್ನಾ 180. 1964ರ ಮಾರ್ಚ್ 19ಕ್ಕೆ ಕೊಲಂಬಸ್ ಊರಿಂದ ಹೊರಟು ಏಪ್ರಿಲ್ 17ಕ್ಕೆ ಅದೇ ಊರಲ್ಲಿ ಇಳಿದಳು. ದಾರಿಯಲ್ಲಿ ಕೈರೋ ಅಂದುಕೊಂಡು ಈಜಿಪ್ಟಿನ ಸೇನಾನೆಲೆಯೊಂದರಲ್ಲಿ ಇಳಿದುಬಿಟ್ಟಿದ್ದಳು. ಸೌದಿ ಅರೇಬಿಯಾದಲ್ಲಿ ಇಳಿದಾಗ ಅಲ್ಲಿನ ಗಂಡಸರು ವಿಮಾನದೊಳಗೆ ಇಣುಕಿ ನೋಡಿದರಂತೆ, ಇನ್ನೊಬ್ಬ ಇರಬೇಕಲ್ಲ ಅಂತ. ಯಾರೂ ಇಲ್ಲ ಅಂತ ಗೊತ್ತಾದಮೇಲೆ ಚಪ್ಪಾಳೆ ತಟ್ಟಿದರು. ನಮ್ಮ ದೆಹಲಿ, ಕಲ್ಕತ್ತಾದಲ್ಲೂ ಇಳಿದು ಹೋದಳು.

ಕಳೆದುಹೋದವಳ ಹೆಸರು ಜಗತ್ತಿಗೇ ಗೊತ್ತು. ಸುರಕ್ಷಿತವಾಗಿ ವಾಪಸ್ ಬಂದವಳ ಹೆಸರು ಯಾರಿಗೂ ಗೊತ್ತಿಲ್ಲ. ಇದು ನನಗೆ ತುಂಬ ನೋವು ಕೊಡುತ್ತೆ. ನಮ್ಮ ಮನೆಯವರು ಪೈಲಟ್ ಅಂದ ಕೂಡಲೇ "ಅಮೆಲಿಯಾ ಏನಾದಳು ಗೊತ್ತಲ್ಲ" ಅಂತಾರೆ. ಜೆರ್ರಿ ಏನಾದಳು ಅಂತ ಯಾರಾದರೂ ಕೇಳಲಿ. ಮನೆಗೆ ಬಂದು 2014ರ ತನಕ ಬದುಕಿದ್ದಳು.

ಜೋಗಿಮಟ್ಟಿ ಗಾಳಿ · ರಾತ್ರಿ 11:24

ಇದು ನನಗೆ ಗೊತ್ತೇ ಇರಲಿಲ್ಲ. ಅಮೆಲಿಯಾ ಜಾಗ ಬಿಟ್ಟುಕೊಟ್ಟೆ.

ಹೊಳಲ್ಕೆರೆ ಅಡಿಕೆ · ಸೋಮವಾರ ಬೆಳಿಗ್ಗೆ 6:10

ರಾತ್ರಿ ಮಲಗಿದಾಗ ನೆನಪಾಯ್ತು. "ರಾತ್ರಿ ಮಾಟಗಾತಿಯರು" ಅಂತ ಜರ್ಮನ್ ಸೈನಿಕರೇ ಹೆಸರಿಟ್ಟ, ಎರಡನೇ ಮಹಾಯುದ್ಧದ ಸೋವಿಯತ್ ಪಡೆ. ಮರೀನಾ ರಾಸ್ಕೋವಾ ಕಟ್ಟಿದ ಮಹಿಳಾ ದಳಗಳಲ್ಲಿ ಒಂದು, 588ನೇ ರಾತ್ರಿ ಬಾಂಬರ್ ರೆಜಿಮೆಂಟ್. ಪೈಲಟ್, ನ್ಯಾವಿಗೇಟರ್, ಮೆಕ್ಯಾನಿಕ್, ಬಾಂಬು ಹೊತ್ತು ತರೋರು, ಎಲ್ಲರೂ ಹೆಣ್ಣುಮಕ್ಕಳು. ಅವರಿಗೆ ಕೊಟ್ಟ ವಿಮಾನ ಪೊ-2: ಮರದ ಚೌಕಟ್ಟಿಗೆ ಬಟ್ಟೆ ಬಿಗಿದದ್ದು, ಮೊದಲು ಹೊಲಕ್ಕೆ ಔಷಧಿ ಹೊಡೆಯೋಕೂ ತರಬೇತಿಗೂ ಬಳಸುತ್ತಿದ್ದದ್ದು. ಗುರಿಯ ಹತ್ತಿರ ಬಂದಾಗ ಎಂಜಿನ್ ವೇಗ ಇಳಿಸಿಬಿಡ್ತಿದ್ದರು. ಕತ್ತಲಲ್ಲಿ ವಿಮಾನ ಹದ್ದಿನ ಹಾಗೆ ತೇಲಿ ಬರೋದು. ಕೆಳಗಿದ್ದವರಿಗೆ ಕೇಳ್ತಿದ್ದದ್ದು ರೆಕ್ಕೆಯ ತಂತಿಗಳ ಮೇಲೆ ಗಾಳಿ ಸುಯ್ ಅನ್ನೋ ಸದ್ದು ಮಾತ್ರ, ಪೊರಕೆ ಬೀಸಿದ ಹಾಗೆ. ಯುದ್ಧ ಮುಗಿಯೋ ಹೊತ್ತಿಗೆ 23,000ಕ್ಕೂ ಹೆಚ್ಚು ಹಾರಾಟ. ಬಹುಕಾಲ ಪ್ಯಾರಾಚೂಟ್ ಕೂಡ ಇಲ್ಲದೆ.

ಅದೇ ಕಾಲದಲ್ಲಿ ಅಮೆರಿಕದ ವಾಸ್ಪ್ ಪಡೆ: 1,074 ಹೆಣ್ಣುಮಕ್ಕಳು ಕಾರ್ಖಾನೆಯಿಂದ ಸೇನಾನೆಲೆಗೆ ವಿಮಾನ ಸಾಗಿಸೋದು, ಸೈನಿಕರ ಗುಂಡಿನ ಅಭ್ಯಾಸಕ್ಕೆ ಗುರಿ ಎಳೆದುಕೊಂಡು ಹಾರೋದು ಮಾಡಿದರು. 38 ಜನ ಸತ್ತರು. ಸೈನಿಕರು ಅಂತ ಲೆಕ್ಕಕ್ಕೆ ಹಿಡಿಯಲಿಲ್ಲ. ಶವ ಊರಿಗೆ ಕಳಿಸೋಕೆ ಗೆಳತಿಯರೇ ಚಂದಾ ಎತ್ತಬೇಕಾಯ್ತು. ಮಾಜಿ ಸೈನಿಕರ ಸ್ಥಾನ ಸಿಕ್ಕಿದ್ದು 1977ರಲ್ಲಿ.

ಪಿ.ಜೆ. ಬಡಾವಣೆ ಅಮ್ಮ, ದಾವಣಗೆರೆ · ಬೆಳಿಗ್ಗೆ 10:30

ನನ್ನ ಮಗಳು ಕಮರ್ಷಿಯಲ್ ಪೈಲಟ್ ತರಬೇತಿಯಲ್ಲಿದ್ದಾಳೆ. "ವಿಮಾನ ಸಿಕ್ಕಿದ್ದು ಹೇಗೆ" ಅನ್ನೋ ಪ್ರಶ್ನೆ ಓದಿ ಎರಡು ವರ್ಷದ್ದೆಲ್ಲ ನೆನಪಾಯ್ತು.

ಪಿಯುಸಿ ಮುಗಿದ ಕೂಡಲೇ ಒಂದು ತರಬೇತಿ ಸಂಸ್ಥೆಗೆ ದೊಡ್ಡ ಮೊತ್ತ ಮುಂಗಡ ಕಟ್ಟಿದೆವು. ಹೆಸರು ಬೇಡ. ಹೋಗಿ ನೋಡಿದರೆ ಹಾರೋ ಸ್ಥಿತಿಯಲ್ಲಿದ್ದದ್ದು ಒಂದೇ ವಿಮಾನ, ಸಾಲಿನಲ್ಲಿ ಮೂವತ್ತು ಮಕ್ಕಳು. ತಿಂಗಳಿಗೆ ನಾಲ್ಕು ಗಂಟೆ ಸಿಕ್ಕಿದರೆ ಹೆಚ್ಚು. ಲೈಸೆನ್ಸಿಗೆ 200 ಗಂಟೆ ಬೇಕು. ಲೆಕ್ಕ ನೀವೇ ಹಾಕಿ. ಮಗಳು ಫೋನಿನಲ್ಲಿ ಅಳ್ತಿರಲಿಲ್ಲ, ಸುಮ್ಮನಿರ್ತಿದ್ದಳು, ಅದು ಇನ್ನೂ ಕಷ್ಟ. ಕೊನೆಗೆ ಬೇರೆ ಕಡೆ ಸೇರಿಸಿದೆವು, ಈಗ ಚೆನ್ನಾಗಿ ನಡೀತಿದೆ.

ಅದಕ್ಕೇ ಹೇಳ್ತೀನಿ ಟೀಚರ್, ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ತಗೊಳ್ಳೋಕೆ ಹೇಳಿ. ದುಡ್ಡು ಕಟ್ಟೋ ಮುಂಚೆ ಕ್ಲಾಸ್ 2 ಮೆಡಿಕಲ್ ಮಾಡಿಸಬೇಕು, ಕಣ್ಣು ಕಿವಿ ಹೃದಯ ಎಲ್ಲ ನೋಡ್ತಾರೆ, ಆಮೇಲೆ ಕ್ಲಾಸ್ 1. ಮತ್ತೆ ಸಂಸ್ಥೆಗೆ ಹೋಗಿ ಕೇಳಬೇಕಾದ್ದು ಕಟ್ಟಡ ಹೇಗಿದೆ ಅಂತಲ್ಲ. ಇವತ್ತು ಹಾರ್ತಿರೋ ವಿಮಾನ ಎಷ್ಟು, ಕಲಿಸೋರು ಎಷ್ಟು ಜನ, ಹೋದ ಬ್ಯಾಚಿನವರಿಗೆ 200 ಗಂಟೆ ಮುಗಿಯೋಕೆ ಎಷ್ಟು ತಿಂಗಳು ಹಿಡೀತು.

ಲಕ್ಷಗಟ್ಟಲೆ ಖರ್ಚು, ಹಲವು ಹತ್ತು ಲಕ್ಷ. ನಾವು ಸೈಟು ಮಾರಿದೆವು. ಎಲ್ಲರಿಗೂ ಮಾರೋಕೆ ಸೈಟು ಇರಲ್ಲ.

ನಿವೃತ್ತ ಏರ್‌ಮನ್, ಹರಿಹರ · ಬೆಳಿಗ್ಗೆ 11:05

ಅಮ್ಮ ಹೇಳಿದ್ದು ನಿಜ. ಸೈಟು ಇಲ್ಲದವರಿಗೆ ವಾಯುಪಡೆಯ ದಾರಿ ಇದೆ, ಅಲ್ಲಿ ತರಬೇತಿಗೆ ಹಣ ಕಟ್ಟಬೇಕಿಲ್ಲ. ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶ ಕೊಟ್ಟ ಮೇಲೆ ಎನ್‌ಡಿಎಗೂ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಹೆಣ್ಣುಮಕ್ಕಳು ಸೇರ್ತಿದ್ದಾರೆ, 17 ಮಂದಿಯ ಮೊದಲ ತಂಡ 2025ರ ಮೇ ತಿಂಗಳಲ್ಲಿ ಹೊರಬಂತು. ಪದವಿ ಆದಮೇಲಾದರೆ ಎಎಫ್‌ಸಿಎಟಿ ಅನ್ನೋ ವಾಯುಪಡೆಯ ಪ್ರವೇಶ ಪರೀಕ್ಷೆ. ಹಾರಾಟ ವಿಭಾಗಕ್ಕೆ ಕನಿಷ್ಠ ಎತ್ತರ 162.5 ಸೆಂಟಿಮೀಟರ್. ಕಾಲಿನ ಉದ್ದವನ್ನೂ ಕೂತಾಗಿನ ಎತ್ತರವನ್ನೂ ಬೇರೆ ಬೇರೆ ಅಳೀತಾರೆ.

ಬೆಣ್ಣೆ ದೋಸೆ ಪ್ರೇಮಿ · ಮಧ್ಯಾಹ್ನ 1:15

ಇಷ್ಟೆಲ್ಲ ಬರೆದು ಉಷಾ ಸುಂದರಂ ಅವರನ್ನ ಯಾರೂ ಹೇಳಲಿಲ್ಲವಲ್ಲ! ಟೀಚರ್, ನಿಮ್ಮ ಹುಡುಗಿಯ ಪ್ರಶ್ನೆಗೆ ನೇರ ಉತ್ತರ ಅವರೇ. ಜಕ್ಕೂರು. ದುರ್ಗದಿಂದ ಹೆಚ್ಚೂಕಮ್ಮಿ ಇನ್ನೂರು ಕಿಲೋಮೀಟರ್.

ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿಂದ 1949ರಲ್ಲಿ ತೇರ್ಗಡೆಯಾಗಿ ಹೊರಬಂದವರು. ಪತಿ ಕ್ಯಾಪ್ಟನ್ ವಿ. ಸುಂದರಂ ಮೈಸೂರು ಮಹಾರಾಜರ ಡಕೋಟಾ ವಿಮಾನ ಹಾರಿಸ್ತಿದ್ದರು, ಉಷಾ ಸಹ ಪೈಲಟ್. ದೇಶ ವಿಭಜನೆಯ ಗಲಭೆಯಲ್ಲಿ ಸಿಕ್ಕಿಕೊಂಡವರನ್ನ ವಿಮಾನದಲ್ಲಿ ಕರೆತಂದರು. ಆಮೇಲೆ ಮದ್ರಾಸ್ ಸರ್ಕಾರ ಕೊಂಡ ಡಿ ಹ್ಯಾವಿಲೆಂಡ್ ಡೋವ್ ವಿಮಾನವನ್ನ ಗಂಡ ಹೆಂಡತಿ ಇಂಗ್ಲೆಂಡಿನಿಂದ ಮುಂಬೈಗೆ 27 ಗಂಟೆಯಲ್ಲಿ ತಂದರು, ಆ ಕಾಲಕ್ಕೆ ಅದು ದಾಖಲೆ. ಚೆನ್ನೈನಲ್ಲಿ ಪ್ರಾಣಿಗಳಿಗಾಗಿ ಬ್ಲೂ ಕ್ರಾಸ್ ಕಟ್ಟಿದ್ದೂ ಇದೇ ದಂಪತಿ.

ನಮ್ಮದೇ ಸರ್ಕಾರಿ ಶಾಲೆಯಲ್ಲಿ ಕಲಿತ ಹೆಣ್ಣುಮಗಳು. ಪ್ಯಾರಿಸ್, ಲಂಡನ್ ಎಲ್ಲ ಆಮೇಲೆ.

ಹೊಳಲ್ಕೆರೆ ಅಡಿಕೆ · ಮಧ್ಯಾಹ್ನ 1:40

ಇದೇ ಬೇಕಾಗಿದ್ದದ್ದು. ಜೊತೆಗೆ ಪ್ರೇಮ್ ಮಾಥುರ್ ಸೇರಿಸಿ. ಪ್ರಯಾಣಿಕರು ಹೆದರ್ತಾರೆ ಅಂತ ಹಲವು ಕಂಪನಿಗಳು ಬಾಗಿಲು ಹಾಕಿದಮೇಲೆ ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಕೆಲಸ ಕೊಟ್ಟಿತು. 1949ರಲ್ಲಿ ರಾಷ್ಟ್ರೀಯ ವಿಮಾನ ರೇಸ್ ಗೆದ್ದರು. ಆಗ ಹಾಕಿದ ಬಾಗಿಲು, ಈಗ ನೋಡಿ: ಪ್ರಪಂಚದ ಪೈಲಟ್‌ಗಳಲ್ಲಿ ಹೆಣ್ಣುಮಕ್ಕಳು ನೂರಕ್ಕೆ ಐದಾರು ಇದ್ದರೆ ನಮ್ಮ ದೇಶದಲ್ಲಿ ಹದಿನೈದರ ಹತ್ತಿರ. 2021ರ ಜನವರಿಯಲ್ಲಿ ಜೋಯಾ ಅಗರ್ವಾಲ್ ಮತ್ತು ಮೂವರು ಸಹ ಪೈಲಟ್‌ಗಳು, ನಾಲ್ವರೂ ಮಹಿಳೆಯರೇ, ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮಾರ್ಗವಾಗಿ ಸುಮಾರು 14,000 ಕಿಲೋಮೀಟರ್ ಹಾರಿ ಇಳಿದದ್ದು ನಮ್ಮ ಬೆಂಗಳೂರಿನಲ್ಲಿ.

ವಿಜ್ಞಾನ ಟೀಚರ್, ಚಳ್ಳಕೆರೆ ತಾಲ್ಲೂಕು · ಬುಧವಾರ ಸಂಜೆ 6:20

ಎಲ್ಲರಿಗೂ ಮನಸಾರೆ ಧನ್ಯವಾದ. ಮೂರು ದಿನದಿಂದ ಇದನ್ನೇ ಓದ್ತಿದ್ದೀನಿ. ಬಾಗಿಲ ಪಕ್ಕದ ಮೊದಲ ಫ್ರೇಮ್ ಉಷಾ ಸುಂದರಂ. ಆಮೇಲೆ ಬೆಸ್ಸಿ, ಪ್ರೇಮ್ ಮಾಥುರ್, ಜೆರ್ರಿ ಮಾಕ್, ಮೇಘನಾ ಶಾನುಭಾಗ್. ಪ್ರತಿಯೊಂದರ ಕೆಳಗೂ ವಿಮಾನ ಸಿಕ್ಕಿದ್ದು ಹೇಗೆ ಅನ್ನೋ ನಾಲ್ಕು ಸಾಲು. ಆರನೇ ಫ್ರೇಮಿಗೆ ಚಿತ್ರ ಇಲ್ಲ. ಪಿ.ಜೆ. ಬಡಾವಣೆ ಅಮ್ಮನ ಮೂರು ಪ್ರಶ್ನೆ, ಮೆಡಿಕಲ್, ಪಿಯುಸಿಯ ವಿಷಯಗಳು, ಎನ್‌ಡಿಎ, ಜಕ್ಕೂರು, ಎಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದ್ದೀನಿ. ತೆರೆಷ್ಕೋವಾ ಕಥೆ ನಿನ್ನೆ ತರಗತಿಯಲ್ಲಿ ಹೇಳಿದೆ, ದಾವಣಗೆರೆ ಅವ್ವನ ಟವೆಲ್ ಸಮೇತ.

ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಆ ಹುಡುಗಿ ಆರನೇ ಫ್ರೇಮಿನ ಮುಂದೆ ನಿಂತಿದ್ದಳು. ಬೇರೆ ಚಿತ್ರಗಳ ಹತ್ತಿರ ಹೋಗಲೇ ಇಲ್ಲ. 162.5 ಅಂದರೆ ಎಷ್ಟು ಅಂತ ಕೇಳಿದಳು. ಲ್ಯಾಬಿನಿಂದ ಮೀಟರ್ ಪಟ್ಟಿ ತಂದು ತರಗತಿಯ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದೆ. ಅವಳು ಬೆನ್ನು ತಾಗಿಸಿ ನಿಂತಳು.

ನಿವೃತ್ತ ಏರ್‌ಮನ್, ಹರಿಹರ · ಸಂಜೆ 6:31

ಬರಿಗಾಲಲ್ಲಿ ನಿಲ್ಲಿಸಿ ಅಳೆದಿರಾ?

ವಿಜ್ಞಾನ ಟೀಚರ್, ಚಳ್ಳಕೆರೆ ತಾಲ್ಲೂಕು · ಸಂಜೆ 6:34

ಬರಿಗಾಲಲ್ಲೇ ಸರ್. 157. ಅವಳ ಹಿಂದೆ ಇನ್ನೂ ಹನ್ನೊಂದು ಹುಡುಗಿಯರು ಸಾಲು ನಿಂತರು, ಬೆಲ್ ಹೊಡೆದರೂ ಒಳಗೆ ಬರಲಿಲ್ಲ.